ಹಲ್ಲು ಬರುವವರೆಗೆ ಮಗುವಿನ ಕೈಗೆ ತಿನಿಸು ಕೊಡಬಾರದೇ?

“ಒಂದು ವರ್ಷ ತುಂಬುವವರೆಗೆ, ಹಲ್ಲು ಬರುವವರೆಗೆ ಮಗುವಿನ ಕೈಗೆ ಏನನ್ನೂ ಕೊಡಬೇಡಿ. ಎಲ್ಲವನ್ನೂ ಮಿಕ್ಸಿಗೆ ಹಾಕಿ ತೆಳ್ಳಗೆ ಮಾಡಿಯೇ ತಿನ್ನಿಸಿ. ಇಲ್ಲದಿದ್ದರೆ ಗಂಟಲಿಗೆ ಸಿಕ್ಕಿ ಪ್ರಾಣವೇ ಹೋಗಬಹುದು.” ಈ ಧಾಟಿಯ ಸಂದೇಶಗಳು ಕುಟುಂಬದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ಕೊನೆಯಲ್ಲಿ “ಎಲ್ಲ ತಾಯಂದಿರಿಗೂ ತಲುಪಿಸಿ” ಎಂಬ ಸಾಲು ಇದ್ದೇ ಇರುತ್ತದೆ. ಇದಕ್ಕೆ ತದ್ವಿರುದ್ಧವಾದ ವಿಡಿಯೋಗಳೂ ಇವೆ. ಆರು ತಿಂಗಳ ಮಗು ಕುರ್ಚಿಯಲ್ಲಿ ಕೂತು ತಟ್ಟೆಯಿಂದ ತಾನೇ ಎತ್ತಿಕೊಂಡು ತಿನ್ನುತ್ತಿರುತ್ತದೆ, ಪಕ್ಕದಲ್ಲಿ ಅಮ್ಮ “ಚಮಚವೇ ಬೇಡ” ಎನ್ನುತ್ತಿರುತ್ತಾರೆ. ಎರಡನ್ನೂ ನೋಡಿದವರಿಗೆ ಗೊಂದಲ ಆಗದೇ ಇದ್ದೀತೇ?

ಮೊದಲ ಸಂದೇಶದಲ್ಲಿರುವ ಭಯಕ್ಕೆ ಆಧಾರವಿದೆ. ಅದು ಕೊಡುವ ಸಲಹೆ ಮಾತ್ರ ತಪ್ಪು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಮೆತ್ತಗೆ ಮಸೆದ ಗಟ್ಟಿ ಆಹಾರ ಶುರುವಾಗಬೇಕು. ಎಂಟು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ಕೈಯಲ್ಲಿ ಹಿಡಿದು ತಿನ್ನುವ ಮೆತ್ತನೆಯ ತುಂಡುಗಳನ್ನು ನಿಭಾಯಿಸಬಲ್ಲರು. ಹನ್ನೆರಡು ತಿಂಗಳಿಗೆ ಮನೆಮಂದಿ ತಿನ್ನುವುದನ್ನೇ ಸ್ವಲ್ಪ ಮೆದು ಮಾಡಿ ಕೊಡಬಹುದು. ಗಂಟುಗಂಟಾದ ಆಹಾರದ ಪರಿಚಯ ಹತ್ತು ತಿಂಗಳು ದಾಟಿದರೆ ಮುಂದೆ ಊಟ ಮಾಡಿಸುವುದೇ ಕಷ್ಟವಾಗಬಹುದು ಎಂಬ ಎಚ್ಚರಿಕೆಯೂ ಈ ಮಾರ್ಗಸೂಚಿಗಳಲ್ಲಿದೆ. “ಎರಡು ವರ್ಷವಾದರೂ ಅನ್ನದ ಅಗುಳು ಸಿಕ್ಕರೆ ಉಗಿಯುತ್ತಾನೆ” ಎಂಬ ದೂರಿನ ಹಿಂದೆ ಎಷ್ಟೋ ಸಲ ಈ ಮಿಕ್ಸಿಯೇ ಇರುತ್ತದೆ.

ನಮ್ಮ ದೇಶದಲ್ಲಿ ಇದು ಬರೀ ಅಭ್ಯಾಸದ ಪ್ರಶ್ನೆಯಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 6ರಿಂದ 8 ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜೊತೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಸಿಗುತ್ತಿದ್ದುದು ಶೇ. 45.9 ಮಕ್ಕಳಿಗೆ ಮಾತ್ರ. 6ರಿಂದ 23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಪಡೆಯುತ್ತಿದ್ದವರು ಶೇ. 11.3. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1 ಜನರಿಗೆ ರಕ್ತಹೀನತೆ. ಇದಕ್ಕೆ ಕಾರಣಗಳು ಹಲವು. ಆದರೆ ಅನ್ನದ ಗಂಜಿಯನ್ನೋ ರಾಗಿ ಸರಿಯನ್ನೋ ನೀರಾಗಿಸಿ ಕೊಟ್ಟರೆ ಮಗುವಿನ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ ಎಂಬುದಂತೂ ನಿಜ. ಬೇಳೆ, ಮೊಟ್ಟೆ, ಸೊಪ್ಪಿಗೆ ಜಾಗವೇ ಉಳಿಯುವುದಿಲ್ಲ.

ಇನ್ನು ಹಲ್ಲಿನ ವಿಷಯ. ಮೊದಲು ಬರುವ ಮುಂದಿನ ಹಲ್ಲುಗಳು ಕಚ್ಚುವುದಕ್ಕೆ. ಅಗಿಯುವ ದವಡೆ ಹಲ್ಲುಗಳು ಬರುವುದು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಮಗು ಅಗಿಯುವುದು ವಸಡಿನಿಂದ. ಆ ವಸಡು ಎಷ್ಟು ಗಟ್ಟಿ ಎಂಬುದು ಮಗುವಿನ ಬಾಯಿಗೆ ಬೆರಳಿಟ್ಟು ನೋಡಿದವರಿಗೆ ಗೊತ್ತು.

ಓಕರಿಕೆ ಬೇರೆ, ಉಸಿರುಕಟ್ಟುವುದು ಬೇರೆ

ಮನೆಯವರನ್ನು ಹೆಚ್ಚು ಹೆದರಿಸುವುದು ಓಕರಿಕೆ. ತುಂಡು ಸ್ವಲ್ಪ ಹಿಂದೆ ಸರಿದ ಕೂಡಲೇ ಮಗು ಕಣ್ಣಲ್ಲಿ ನೀರು ತುಂಬಿಕೊಂಡು, ಮುಖ ಕೆಂಪಗೆ ಮಾಡಿಕೊಂಡು, ನಾಲಿಗೆ ಹೊರಹಾಕಿ “ವ್ಯಾಕ್” ಎನ್ನುತ್ತದೆ. ದೊಡ್ಡವರಿಗೆ ಗಂಟಲಿನ ಹಿಂಭಾಗ ಮುಟ್ಟಿದರೆ ಮಾತ್ರ ಓಕರಿಕೆ ಬರುತ್ತದೆ. ಶಿಶುಗಳಲ್ಲಿ ಆ ಜಾಗ ನಾಲಿಗೆಯ ಮೇಲೆ ತುಂಬಾ ಮುಂದಿರುತ್ತದೆ, ಬೆಳೆದಂತೆ ಹಿಂದೆ ಸರಿಯುತ್ತದೆ. ಎಂದರೆ ತುಂಡು ಉಸಿರುನಾಳದ ಹತ್ತಿರ ಹೋಗುವ ಮೊದಲೇ ದೇಹ ಅದನ್ನು ಆಚೆ ದಬ್ಬುತ್ತಿದೆ. ಆ ಹೊತ್ತಿಗೆ ನೀವು ಬೆರಳು ಹಾಕದೆ ಸುಮ್ಮನೆ ಪಕ್ಕದಲ್ಲಿದ್ದರೆ ಸಾಕು.

ಉಸಿರುಕಟ್ಟುವುದು ಇದಕ್ಕೆ ವಿರುದ್ಧ. ಅಲ್ಲಿ ಸದ್ದೇ ಇರುವುದಿಲ್ಲ. ಮಗುವಿಗೆ ಅಳಲು ಆಗುವುದಿಲ್ಲ, ಕೆಮ್ಮಲು ಆಗುವುದಿಲ್ಲ, ತುಟಿ ನೀಲಿಯಾಗತೊಡಗುತ್ತದೆ. ಆದ್ದರಿಂದಲೇ “ಅತ್ತರೆ ಕೇಳಿಸುತ್ತಲ್ಲ” ಎಂದು ತಿನ್ನುತ್ತಿರುವ ಮಗುವನ್ನು ಬಿಟ್ಟು ಅಡುಗೆಮನೆಗೆ ಹೋಗಬಾರದು.

ಕೈಗೆ ಕೊಟ್ಟರೆ ಅಪಾಯ ಹೆಚ್ಚುತ್ತದೆಯೇ? ನ್ಯೂಜಿಲೆಂಡಿನಲ್ಲಿ 206 ಶಿಶುಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತು. ಒಂದು ಗುಂಪಿನ ಮನೆಯವರಿಗೆ ಯಾವ ತಿನಿಸು ಅಪಾಯಕಾರಿ ಎಂದು ತಿಳಿಸಿಕೊಟ್ಟು, ಮಗು ತಾನೇ ತಿನ್ನುವಂತೆ ಮಾಡಲಾಗಿತ್ತು. ಇನ್ನೊಂದು ಗುಂಪು ಎಂದಿನಂತೆ. ಉಸಿರುಕಟ್ಟಿದ ಪ್ರಮಾಣದಲ್ಲಿ ಎರಡಕ್ಕೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ತಾವೇ ತಿನ್ನುತ್ತಿದ್ದ ಮಕ್ಕಳು ಆರನೇ ತಿಂಗಳಲ್ಲಿ ಹೆಚ್ಚು ಓಕರಿಸಿದವು, ಎಂಟನೇ ತಿಂಗಳಿಗೆ ಕಡಿಮೆ. ಆದರೆ ಇದೇ ಅಧ್ಯಯನದ ಇನ್ನೊಂದು ಮುಖವನ್ನು ಆ “ಚಮಚವೇ ಬೇಡ” ವಿಡಿಯೋಗಳು ಹೇಳುವುದಿಲ್ಲ. ಎರಡೂ ಗುಂಪು ಸೇರಿ, ಆರರಿಂದ ಎಂಟು ತಿಂಗಳ ನಡುವೆ ಶೇ. 35 ಮಕ್ಕಳಿಗೆ ಒಮ್ಮೆಯಾದರೂ ಉಸಿರುಕಟ್ಟಿದ್ದನ್ನು ಮನೆಯವರು ವರದಿ ಮಾಡಿದ್ದರು. ಅಪಾಯಕಾರಿ ತಿನಿಸುಗಳೂ ಅನೇಕ ಮಕ್ಕಳ ಕೈ ಸೇರುತ್ತಲೇ ಇದ್ದವು. ಆದ್ದರಿಂದ ಚಮಚವೋ ಕೈಯೋ ಎಂಬ ಜಗಳಕ್ಕಿಂತ ಏನು ಕೊಡುತ್ತಿದ್ದೀರಿ ಎಂಬುದು ಮುಖ್ಯ. ಎರಡನ್ನೂ ಬೆರೆಸಿ ಕೊಟ್ಟರೆ ಯಾವ ತಪ್ಪೂ ಇಲ್ಲ.

ಏನು ಕೊಡಬಹುದು, ಏನು ಬೇಡ

ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ನೋಡಿ. ಸುಲಭವಾಗಿ ಹಿಸುಕಿ ಹೋದರೆ ವಸಡಿಗೂ ಅದು ಬಗ್ಗುತ್ತದೆ. ಚೆನ್ನಾಗಿ ಬೆಂದ ಕುಂಬಳಕಾಯಿ, ಗೆಣಸು, ಕ್ಯಾರೆಟ್, ಮಾಗಿದ ಬಾಳೆಹಣ್ಣು, ಪರಂಗಿಹಣ್ಣು, ತೊವ್ವೆಯಲ್ಲಿ ಅದ್ದಿದ ಇಡ್ಲಿ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಮುದ್ದೆಯನ್ನು ದೊಡ್ಡವರು ನುಂಗುತ್ತಾರೆ, ಮಗುವಿಗೆ ಅದು ಅಂಟುವ ಉಂಡೆ. ಸಾರಿನಲ್ಲಿ ಕಲಸಿ ಸಡಿಲ ಮಾಡಿಯೇ ಕೊಡಿ. ಶುರುವಿನಲ್ಲಿ ಮಗು ಮುಷ್ಟಿಯಿಂದ ಹಿಡಿಯುವುದರಿಂದ ತುಂಡು ದೊಡ್ಡವರ ಬೆರಳಿನಷ್ಟು ಉದ್ದವಿರಲಿ. ಸುಮಾರು ಒಂಬತ್ತು ತಿಂಗಳಿಗೆ ಎರಡು ಬೆರಳಲ್ಲಿ ಹೆಕ್ಕುವುದು ಬಂದ ಮೇಲೆ ಚಿಕ್ಕ ಮೆತ್ತನೆಯ ತುಣುಕು ಸಾಕು.

ಬೇಡವಾದವುಗಳಲ್ಲಿ ಮೊದಲನೆಯದು ಕಡಲೇಕಾಯಿ ಬೀಜ. ಭಾರತದ ಆಸ್ಪತ್ರೆಗಳಲ್ಲಿ ಮಕ್ಕಳ ಶ್ವಾಸನಾಳದಿಂದ ಹೊರತೆಗೆಯುವ ವಸ್ತುಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಐದು ವರ್ಷದೊಳಗಿನವರಿಗೆ ಇಡೀ ಬೀಜಗಳನ್ನು ಕೊಡಬೇಡಿ ಎನ್ನುತ್ತದೆ ಬ್ರಿಟನ್ನಿನ ಆರೋಗ್ಯ ಸೇವೆ. ನುಣ್ಣಗೆ ಪುಡಿ ಮಾಡಿ ಸರಿಗೆ ಬೆರೆಸಿದರೆ ಅದೇ ಕಡಲೇಕಾಯಿ ಒಳ್ಳೆಯ ಆಹಾರ. ಹುರಿಗಡಲೆ, ಕೊಬ್ಬರಿ ಚೂರು, ಚಕ್ಕುಲಿ, ಪಾಪ್‌ಕಾರ್ನ್, ಹಸಿ ಕ್ಯಾರೆಟ್, ಹಸಿ ಸೇಬು, ಗಟ್ಟಿ ಪೆಪ್ಪರ್‌ಮೆಂಟು, ಇಡೀ ದ್ರಾಕ್ಷಿ, ಸೀತಾಫಲ ಹಾಗೂ ಸಪೋಟದ ಬೀಜ, ಅಜ್ಜನ ತಟ್ಟೆಯ ಅಡಿಕೆ ಚೂರು ಕೂಡ ಮಗುವಿನ ಕೈಗೆ ಸಿಗಬಾರದು. ಜೇನುತುಪ್ಪ ಗಂಟಲಿಗೆ ಸಿಕ್ಕದಿದ್ದರೂ ವರ್ಷದೊಳಗೆ ಬೇಡ, ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಮಗು ನೆಟ್ಟಗೆ ಕೂತಿರಲಿ. ಮಲಗಿ, ಅಂಬೆಗಾಲಿಡುತ್ತಾ, ಮೊಬೈಲ್ ನೋಡುತ್ತಾ ತಿನ್ನುವುದು ಬೇಡ.

“ನೆತ್ತಿಗೆ ಹತ್ತಿದರೆ” ಏನು ಮಾಡಬೇಕು?

ನೆತ್ತಿಗೆ ಹತ್ತಿತು ಎನ್ನುತ್ತೇವಾದರೂ ಆಹಾರ ನೆತ್ತಿಗೆ ಹೋಗುವುದಿಲ್ಲ, ಉಸಿರಿನ ದಾರಿಗೆ ಹೋಗಿರುತ್ತದೆ. ಆದ್ದರಿಂದ ತಲೆ ತಟ್ಟಿ, ನೆತ್ತಿಗೆ ಊದಿ ಪ್ರಯೋಜನವಿಲ್ಲ. ನೀರು ಕುಡಿಸುವುದು, ಕಾಲು ಹಿಡಿದು ತಲೆಕೆಳಗೆ ಮಾಡುವುದು, ಕಾಣದ ತುಂಡಿಗಾಗಿ ಬಾಯೊಳಗೆ ಬೆರಳಾಡಿಸುವುದು ಅಪಾಯ. ಬೆರಳು ತುಂಡನ್ನು ಇನ್ನೂ ಒಳಕ್ಕೆ ನೂಕಬಹುದು.

ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಸದ್ದು ನಿಂತಿದ್ದರೆ, ಒಂದು ವರ್ಷದೊಳಗಿನ ಮಗುವನ್ನು ನಿಮ್ಮ ಮುಂಗೈ ಮೇಲೆ ಬೋರಲಾಗಿ, ತಲೆ ಎದೆಗಿಂತ ಕೆಳಗಿರುವಂತೆ ಮಲಗಿಸಿ, ದವಡೆಗೆ ಆಸರೆ ಕೊಡಿ. ಭುಜದ ಮೂಳೆಗಳ ನಡುವೆ ಅಂಗೈನ ಬುಡದಿಂದ ಐದು ಬಾರಿ ಗಟ್ಟಿಯಾಗಿ ಹೊಡೆಯಿರಿ. ತುಂಡು ಬರದಿದ್ದರೆ ಮಗುವನ್ನು ಅಂಗಾತ ತಿರುಗಿಸಿ ಎದೆಯ ನಡುವೆ, ಮೊಲೆತೊಟ್ಟುಗಳ ಸಾಲಿಗಿಂತ ತುಸು ಕೆಳಗೆ, ಐದು ಬಾರಿ ಒತ್ತಿ. ಹಿಂದೆ ಇದನ್ನು ಎರಡು ಬೆರಳಲ್ಲಿ ಮಾಡಲು ಕಲಿಸುತ್ತಿದ್ದರು. 2025ರ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಾರ್ಗಸೂಚಿ ಒಂದು ಅಂಗೈನ ಬುಡ ಬಳಸಿ ಎನ್ನುತ್ತದೆ. ತುಂಡು ಹೊರಬರುವವರೆಗೆ ಎರಡನ್ನೂ ಒಂದಾದ ಮೇಲೊಂದರಂತೆ ಮುಂದುವರಿಸಿ. ಹೊಟ್ಟೆ ಒತ್ತುವ ವಿಧಾನ ಇಷ್ಟು ಚಿಕ್ಕ ಮಕ್ಕಳಿಗಲ್ಲ, ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಇನ್ನೊಬ್ಬರು ಅಷ್ಟರಲ್ಲಿ 108 ಅಥವಾ 112ಕ್ಕೆ ಕರೆ ಮಾಡಲಿ. ಓದಿದರೆ ಕೈ ಕಲಿಯುವುದಿಲ್ಲ, ಲಸಿಕೆಗೆ ಹೋದಾಗ ಒಮ್ಮೆ ಗೊಂಬೆಯ ಮೇಲೆ ತೋರಿಸಿಕೊಡಿ ಎಂದು ಕೇಳಿ. ಮಗುವನ್ನು ನೋಡಿಕೊಳ್ಳುವ ಅಜ್ಜಿಯನ್ನೂ ಕರೆದೊಯ್ಯಿರಿ.

ಕೆಮ್ಮಿ ಸುಮ್ಮನಾದ ಮಗುವಿಗೆ ಮುಂದಿನ ದಿನಗಳಲ್ಲಿ ಬಿಡದ ಕೆಮ್ಮೋ, ಉಸಿರಾಡುವಾಗ ಸುಯ್ ಎನ್ನುವ ಸದ್ದೋ ಉಳಿದರೆ “ಶೀತ ಇರಬೇಕು” ಎಂದು ಬಿಡಬೇಡಿ. ಕಡಲೇಕಾಯಿಯಂಥ ವಸ್ತು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ತಿನ್ನುವಾಗ ಹೀಗಾಯಿತು ಎಂದು ನೀವು ಬಾಯಿಬಿಟ್ಟು ಹೇಳಿದರೆ ವೈದ್ಯರಿಗೆ ಸುಳಿವು ಸಿಗುತ್ತದೆ.