ಪ್ಲಾಸ್ಟಿಕ್ಕಿಗೂ ಬೇಕು ಚಿಟಿಕೆ ಉಪ್ಪು

ಬೆಂಗಳೂರಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರವೊಂದರಲ್ಲಿ ನಾನು ಬಹಳ ಹೊತ್ತು ನಿಂತು ನೋಡಿದ್ದು ಒಬ್ಬ ಹೆಂಗಸಿನ ಕೈಗಳನ್ನು. ನೀರಿನ ಬಾಟಲಿ ಸಿಕ್ಕ ಕೂಡಲೇ ಮುಚ್ಚಳ ತಿರುವಿ ಒಂದು ಚೀಲಕ್ಕೆ, ಲೇಬಲ್ ಹರಿದು ಇನ್ನೊಂದಕ್ಕೆ, ಬಾಟಲಿಯನ್ನು ಮೆಟ್ಟಿ ಮತ್ತೊಂದಕ್ಕೆ. ‘ಎಲ್ಲಾ ಪ್ಲಾಸ್ಟಿಕ್ಕೇ ಅಲ್ವೇನಮ್ಮಾ, ಒಟ್ಟಿಗೆ ಕರಗಿಸಿದ್ರೆ ಏನು?’ ಎಂದೆ. ‘ಸೇರಲ್ಲ ಸಾರ್. ಸೇರ್ಸಿದ್ರೆ ಮಾಲು ಪುಡಿಪುಡಿ ಆಗುತ್ತೆ’ ಎಂದರು, ತಲೆ ಎತ್ತದೆ.

ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಸಕ್ಕರೆ ನೀರಿನಲ್ಲಿ ಸಲೀಸಾಗಿ ಕರಗಲು ಅದರ ಅಣುಗಳು ಚಿಕ್ಕವಾಗಿರುವುದೂ ಒಂದು ಕಾರಣ. ಚದುರಿಹೋಗಲು ಅವಕ್ಕೆ ಲೆಕ್ಕವಿಲ್ಲದಷ್ಟು ದಾರಿಗಳಿವೆ. ಪ್ಲಾಸ್ಟಿಕ್ಕಿನ ಮೂಲವಾದ ಪಾಲಿಮರ್ ಹಾಗಲ್ಲ. ಅದು ಸಾವಿರಾರು ಕೊಂಡಿಗಳ ಉದ್ದನೆಯ ಸರಪಳಿ. ಜಾತ್ರೆಗೆ ಒಬ್ಬೊಬ್ಬರಾಗಿ ಬಂದವರು ಕ್ಷಣದಲ್ಲಿ ಗುಂಪಿನಲ್ಲಿ ಬೆರೆತುಹೋಗುತ್ತಾರೆ. ಸಾವಿರ ಜನ ಕೈಕೈ ಹಿಡಿದೇ ಬಂದರೆ ಎಲ್ಲಿ ಬೆರೆತಾರು? 1940ರ ದಶಕದ ಆರಂಭದಲ್ಲಿ ಅಮೆರಿಕದ ಪಾಲ್ ಫ್ಲೋರಿ ಮತ್ತು ಮಾರಿಸ್ ಹಗ್ಗಿನ್ಸ್ ಬೇರೆಬೇರೆಯಾಗಿ ಕೆಲಸ ಮಾಡಿ ಇದನ್ನು ಗಣಿತದಲ್ಲಿ ತೋರಿಸಿಕೊಟ್ಟರು. ಸರಪಳಿ ಉದ್ದವಾದಷ್ಟೂ ಬೆರೆಯುವುದರಿಂದ ಸಿಗುವ ಲಾಭ ಕಡಿಮೆ. ಆಗ ಎರಡರ ನಡುವೆ ಅಷ್ಟಿಷ್ಟು ವಿರಸ ಇದ್ದರೂ ಸಾಕು, ಅವು ದೂರವಾಗುತ್ತವೆ. ಫ್ಲೋರಿಗೆ 1974ರಲ್ಲಿ ನೊಬೆಲ್ ಬಂತು.

ಪೂರ್ತಿ ಬೆರೆಯುವ ಜೋಡಿಗಳು ಇಲ್ಲವೆಂದಲ್ಲ. ಪಾಲಿಸ್ಟೈರೀನ್ ಮತ್ತು ಪಾಲಿಫಿನೈಲೀನ್ ಈಥರ್ ಹಾಗೆ ಬೆರೆಯುತ್ತವೆ. ‘ನೋರಿಲ್’ ಎಂಬ ಹೆಸರಿನಲ್ಲಿ ಅವುಗಳ ಮಿಶ್ರಣ ಮಾರುಕಟ್ಟೆಯಲ್ಲಿದೆ. ಆದರೆ ಅಂಥವು ಅಪರೂಪ. ಉಳಿದವು ಸಾರಿನ ಮೇಲೆ ತೇಲುವ ಒಗ್ಗರಣೆ ಎಣ್ಣೆಯಂತೆ ಒಂದರೊಳಗೊಂದು ಹನಿಹನಿಯಾಗಿ ನಿಲ್ಲುತ್ತವೆ. ಹನಿಯ ಅಂಚಿನಲ್ಲಿ ಹಿಡಿತವಿರುವುದಿಲ್ಲ. ಎಳೆದರೆ ಬಿರುಕು ಬಿಡುವುದು ಅಲ್ಲಿಯೇ.

ಉಪ್ಪಿನ ಮಾತು ಬರುವುದು ಇಲ್ಲಿ.

1960ರ ದಶಕದಲ್ಲಿ ಡ್ಯುಪಾಂಟ್ ಕಂಪನಿ ‘ಸರ್ಲಿನ್’ ಎಂಬ ವಸ್ತುವನ್ನು ಹೊರತಂದಿತು. ಅದರ ಬಹುಪಾಲು ನಮಗೆ ಗೊತ್ತಿರುವ ಪಾಲಿಥಿನ್ನೇ. ಸರಪಳಿಯ ನೂರು ಕೊಂಡಿಗಳಲ್ಲಿ ನಾಲ್ಕೈದು ಮಾತ್ರ ಆಮ್ಲದ ಕೊಂಡಿಗಳು. ಅವುಗಳಲ್ಲೂ ಕೆಲವನ್ನಷ್ಟೇ ಸೋಡಿಯಂ ಅಥವಾ ಸತುವಿನ ಜೊತೆ ಸೇರಿಸಿ ಉಪ್ಪಾಗಿಸುತ್ತಾರೆ. ಹೀಗೆ ಮೈಮೇಲೆ ಅಲ್ಲಲ್ಲಿ ವಿದ್ಯುದಾವೇಶ ಹೊತ್ತ ಪಾಲಿಮರ್‌ಗೆ ಅಯಾನೋಮರ್ ಎಂದು ಹೆಸರು. ಎಣ್ಣೆಯಂಥ ಸರಪಳಿಗಳ ನಡುವೆ ಸಿಕ್ಕಿಬಿದ್ದ ಈ ಆವೇಶದ ಕಣಗಳು, ಅಂದರೆ ಅಯಾನುಗಳು, ಒಂಟಿಯಾಗಿ ಇರಲಾರವು. ಒಂದನ್ನೊಂದು ಹುಡುಕಿಕೊಂಡು ಪುಟ್ಟ ಗಂಟುಗಳಾಗುತ್ತವೆ. ಕಣ್ಣಿಗಷ್ಟೇ ಅಲ್ಲ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ ಗಂಟುಗಳು. ಎಕ್ಸ್‌-ಕಿರಣ ಹಾಯಿಸಿದರೆ ಅವುಗಳ ಗುರುತು ಸಿಗುತ್ತದೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಆಡಿ ಐಸೆನ್‌ಬರ್ಗ್ ಮತ್ತು ಸಂಗಡಿಗರು 1990ರಲ್ಲಿ ಕೊಟ್ಟ ವಿವರಣೆ ನನಗೆ ಬಹಳ ಇಷ್ಟ. ಗಂಟಿಗೆ ಕಟ್ಟುಬಿದ್ದ ಸರಪಳಿಯ ಬುಡ ಅಲುಗಾಡಲಾರದು. ಹಾಗಾಗಿ ಪ್ರತಿ ಗಂಟಿನ ಸುತ್ತ ಬಿಗಿಯಾದ ಒಂದು ಪದರ. ಅಯಾನುಗಳು ಹೆಚ್ಚಿದಂತೆ ಈ ಪದರಗಳು ಒಂದರ ಮೇಲೊಂದು ಹಾಯ್ದು, ಮೆತ್ತನೆಯ ವಸ್ತುವಿನೊಳಗೇ ಗಟ್ಟಿ ಪ್ರದೇಶಗಳು ಹುಟ್ಟುತ್ತವೆ. ಅಷ್ಟಾದರೂ ಇದು ಬಿಚ್ಚಲಾರದ ಬ್ರಹ್ಮಗಂಟಲ್ಲ. ಕಾಯಿಸಿದರೆ ಸಡಿಲಗೊಂಡು ಅಯಾನುಗಳು ಗಂಟಿನಿಂದ ಗಂಟಿಗೆ ಜಿಗಿಯುತ್ತವೆ, ತಣಿದಾಗ ಮತ್ತೆ ಬಿಗಿಯುತ್ತವೆ.

ಇಂಥ ವಸ್ತುವಿನ ಹಾಳೆಗೆ ಗುಂಡು ಹೊಡೆದು ನೋಡಿದ್ದಾರೆ. ಗುಂಡು ತೂರಿಹೋಗುವಾಗ ತಿಕ್ಕಾಟದ ಬಿಸಿಗೆ ಸುತ್ತಲಿನ ಭಾಗ ಕರಗುತ್ತದೆ. ಹಿಗ್ಗಿದ ಹಾಳೆ ಹಿಂದಕ್ಕೆ ಪುಟಿದು ತೂತಿನ ಅಂಚುಗಳನ್ನು ಕೂಡಿಸುತ್ತದೆ. ಕೊನೆಗೆ ಉಳಿಯುವುದು ಒಂದು ಸಣ್ಣ ಕಲೆ. ಗಾಲ್ಫ್ ಚೆಂಡಿನ ಹೊದಿಕೆ, ಸೆಂಟ್ ಬಾಟಲಿಯ ಗಾಜಿನಂಥ ದಪ್ಪ ಮುಚ್ಚಳ ಆಗುವುದೂ ಇದೇ ವಸ್ತು. ಮಾಂಸದ, ಚೀಸಿನ ಪ್ಯಾಕೆಟ್ಟುಗಳ ಒಳಪದರವೂ ಹೌದು, ಏಕೆಂದರೆ ಬಾಯಿಗೆ ಜಿಡ್ಡು ತಗುಲಿದ್ದರೂ ಇದರ ಬೆಸುಗೆ ಕೂರುತ್ತದೆ.

ಸೇರದವುಗಳನ್ನು ಸೇರಿಸುವ ಕೆಲಸಕ್ಕೂ ಇದು ಒದಗುತ್ತದೆ. ನೈಲಾನ್ ಮತ್ತು ಪಾಲಿಥಿನ್ ಎಣ್ಣೆ-ನೀರಿನ ಹಾಗೆ. ಅವುಗಳ ನಡುವೆ ಸ್ವಲ್ಪ ಅಯಾನೋಮರ್ ಹಾಕಿದರೆ ಅದರ ಪಾಲಿಥಿನ್ ಮೈ ಪಾಲಿಥಿನ್ನಿನ ಕಡೆಗೂ, ಅಯಾನಿನ ಕೊಂಡಿಗಳು ನೈಲಾನಿನ ಕಡೆಗೂ ಒಲಿಯುತ್ತವೆ. ಹನಿಗಳು ಸಣ್ಣದಾಗುತ್ತವೆ, ಅಂಚಿನಲ್ಲಿ ಹಿಡಿತ ಬರುತ್ತದೆ.

ಆದರೆ ನಮ್ಮ ಕಸದಲ್ಲಿ ಹೇರಳವಾಗಿರುವ ಪಾಲಿಥಿನ್ ಮತ್ತು ಪಾಲಿಪ್ರೊಪಿಲೀನ್ ಜೋಡಿಗೆ ಈ ಉಪಾಯ ನಡೆಯದು. ಅಯಾನು ಹಿಡಿದುಕೊಳ್ಳಲು ಎರಡರಲ್ಲೂ ಏನೂ ಇಲ್ಲ. 2017ರಲ್ಲಿ ಅಮೆರಿಕದ ಕಾರ್ನೆಲ್ ಮತ್ತು ಮಿನ್ನೆಸೋಟ ವಿಶ್ವವಿದ್ಯಾಲಯಗಳವರು ಬೇರೆ ದಾರಿ ಹಿಡಿದರು. ಎರಡೂ ಪ್ಲಾಸ್ಟಿಕ್ಕಿನ ತುಂಡುಗಳನ್ನು ಒಂದರ ನಂತರ ಒಂದರಂತೆ ಪೋಣಿಸಿದ ಸರಪಳಿಯನ್ನು ನೂರಕ್ಕೆ ಒಂದು ಪಾಲು ಬೆರೆಸಿದರು. ತಟಕ್ಕನೆ ಮುರಿಯುತ್ತಿದ್ದ ಮಿಶ್ರಣ, ಎಳೆದಷ್ಟೂ ಹಿಗ್ಗುವಂತಾಯಿತು.

ಆ ಸರಪಳಿ ನಮ್ಮ ಗುಜರಿ ಮಾಲಿನವರೆಗೆ ಅಗ್ಗವಾಗಿ ತಲುಪಲಿ ಎಂಬುದು ನನ್ನ ಆಸೆ. ಅಂದು ನಾನು ಹೊರಡುವ ಹೊತ್ತಿಗೆ ಮುಚ್ಚಳದ ಚೀಲ ತುಂಬಿತ್ತು. ಆಕೆ ಅದರ ಬಾಯಿಗೆ ದಾರ ಬಿಗಿದು ಪಕ್ಕಕ್ಕೆ ಸರಿಸಿ, ಇನ್ನೊಂದು ಖಾಲಿ ಚೀಲ ಹಾಸಿಕೊಂಡರು.