ಹಳೆಯ ವಾಹನಕ್ಕೆ ಅಲ್ಯೂಮಿನಿಯಂ ರೇಡಿಯೇಟರ್: ಲೋಹ ಬದಲಿಸಿದರೆ ಸಾಲದು, ನೀರೂ ಬದಲಾಗಬೇಕು

ಬೇಸಿಗೆ ಕಾಲಿಟ್ಟಿತೆಂದರೆ ದಾವಣಗೆರೆ–ಹರಿಹರ ನಡುವಿನ ಹಳೇ ಪಿ.ಬಿ. ರಸ್ತೆಯ ಬದಿಯಲ್ಲಿ ಬಾನೆಟ್ ತೆರೆದು ನಿಂತ ವಾಹನಗಳು ಕಣ್ಣಿಗೆ ಬೀಳುವುದು ಹೊಸತೇನಲ್ಲ. ಅಂಬಾಸಿಡರ್ ಕಾರು, ಮಹೀಂದ್ರಾ ಜೀಪು, ಮಟಡೋರ್‌ನಂತಹ ಹಳೆಯ ವಾಹನಗಳನ್ನು ಜತನದಿಂದ ಉಳಿಸಿಕೊಂಡವರಿಗೆ ಎಂಜಿನ್ ವಿಪರೀತ ಬಿಸಿಯಾಗುವ ತೊಂದರೆ ಪ್ರತಿ ವರ್ಷದ್ದು. ಇದಕ್ಕೆ ಪರಿಹಾರವೆಂದು ಮಾರುಕಟ್ಟೆಯಲ್ಲಿ ದೊರೆಯುತ್ತಿರುವುದು ಬೇರೆ ತಯಾರಕರ ಪೂರ್ಣ ಅಲ್ಯೂಮಿನಿಯಂ ರೇಡಿಯೇಟರ್. ತೂಕ ಕಡಿಮೆ, ತಂಪು ಹೆಚ್ಚು ಎಂಬ ಮಾತು ಬಹುಮಟ್ಟಿಗೆ ನಿಜ. ಆದರೆ ತಾಮ್ರದ ರೇಡಿಯೇಟರ್ ದಶಕಗಳ ಕಾಲ ಸಹಿಸಿಕೊಂಡು ಬಂದ ಕೆಲವು ರೂಢಿಗಳನ್ನು ಅಲ್ಯೂಮಿನಿಯಂ ಸಹಿಸುವುದಿಲ್ಲ. ಅವುಗಳಲ್ಲಿ ಮೊದಲನೆಯದು ಕೊಳವೆಬಾವಿ ನೀರು.

ಬಿಸಿಲಿನ ಲೆಕ್ಕ

ಎಂಜಿನ್‌ನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ತಂಪುನೀರಿಗೆ ಶಾಖವಾಗಿ ಸೇರುತ್ತದೆ. ಅದನ್ನು ಗಾಳಿಗೆ ದಾಟಿಸುವುದೇ ರೇಡಿಯೇಟರ್‌ನ ಕೆಲಸ. ನೀರಿನ ಉಷ್ಣತೆಗೂ ಹೊರಗಿನ ಗಾಳಿಯ ಉಷ್ಣತೆಗೂ ಇರುವ ಅಂತರ ಹೆಚ್ಚಿದಷ್ಟೂ ಈ ಕೆಲಸ ಸುಲಭ. ನೀರು 90 ಡಿಗ್ರಿ, ಗಾಳಿ 25 ಡಿಗ್ರಿ ಇದ್ದಾಗ ಅಂತರ 65 ಡಿಗ್ರಿ. ಏಪ್ರಿಲ್ ತಿಂಗಳಲ್ಲಿ ಗಾಳಿಯೇ 40 ಡಿಗ್ರಿ ಸಮೀಪಿಸಿದರೆ ಅಂತರ 50ಕ್ಕೆ ಇಳಿಯುತ್ತದೆ. ಅಂದರೆ ಅದೇ ರೇಡಿಯೇಟರ್‌ನ ಸಾಮರ್ಥ್ಯ ಕಾಲುಭಾಗದಷ್ಟು ಕುಗ್ಗಿದಂತೆ. ಒಳಗಿನ ಕೊಳವೆಗಳು ಸುಣ್ಣ ಕಟ್ಟಿ, ಹೊರಗಿನ ರೆಕ್ಕೆಗಳು ಧೂಳು, ಹೊಟ್ಟಿನಿಂದ ಮುಚ್ಚಿದ್ದರೆ ಉಳಿದ ಸಾಮರ್ಥ್ಯವೂ ಕೈಕೊಡುತ್ತದೆ.

ಪರಿಣಾಮ ಕೇವಲ ಪ್ರಯಾಣದ ವಿಳಂಬವಲ್ಲ. ಅತಿಯಾದ ಶಾಖಕ್ಕೆ ಸಿಲಿಂಡರ್ ಹೆಡ್ ಬಾಗುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಖಾಸಗಿ ವಾಹನಗಳಿಗೆ 15 ವರ್ಷದ ಬಳಿಕ ಪ್ರತಿ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಇಷ್ಟೆಲ್ಲ ದಾಟಿ ಉಳಿದ ವಾಹನ ಒಂದು ಮಧ್ಯಾಹ್ನದ ಬಿಸಿಗೆ ಗುಜರಿ ಸೇರುವ ಸಾಧ್ಯತೆ ಇದೆ.

ತಾಮ್ರವೇ ಮೇಲಲ್ಲವೇ?

ಶಾಖ ಸಾಗಿಸುವ ಗುಣದಲ್ಲಿ ತಾಮ್ರವೇ ಮುಂದು. ಅಲ್ಯೂಮಿನಿಯಂ ಅದರ ಶೇ 60ರಷ್ಟು ಮಾತ್ರ. ಹಾಗಿದ್ದೂ ಅಲ್ಯೂಮಿನಿಯಂ ರೇಡಿಯೇಟರ್ ಹಿಂದೆ ಬೀಳದಿರಲು ಕಾರಣ ರಚನೆಯಲ್ಲಿದೆ. ಹಳೆಯ ರೇಡಿಯೇಟರ್‌ನಲ್ಲಿ ನೀರು ಹರಿಯುವ ಕೊಳವೆ ಹಿತ್ತಾಳೆಯದು, ರೆಕ್ಕೆ ತಾಮ್ರದ್ದು, ಎರಡನ್ನೂ ಕೂಡಿಸುವುದು ಸೀಸ–ತವರದ ಬೆಸುಗೆ. ಈ ಬೆಸುಗೆಯ ಶಾಖವಾಹಕತೆ ತಾಮ್ರದ ಎಂಟನೇ ಒಂದು ಭಾಗದಷ್ಟೇ. ವರ್ಷಗಳು ಕಳೆದಂತೆ ಬೆಸುಗೆ ಬಿಟ್ಟು, ರೆಕ್ಕೆ ಕೊಳವೆಯಿಂದ ಬೇರ್ಪಟ್ಟರೆ ತಾಮ್ರವಿದ್ದೂ ಪ್ರಯೋಜನವಿಲ್ಲ.

ಅಲ್ಯೂಮಿನಿಯಂ ರೇಡಿಯೇಟರ್‌ನ ಕೋರ್ ಭಾಗವನ್ನು ಸುಮಾರು 600 ಡಿಗ್ರಿ ಶಾಖದ ಕುಲುಮೆಯಲ್ಲಿ ಒಂದೇ ಲೋಹದಂತೆ ಬೆಸೆಯಲಾಗುತ್ತದೆ. ಲೋಹ ಗಟ್ಟಿಯಾಗಿರುವುದರಿಂದ ಅಗಲವಾದ ಕೊಳವೆಗಳನ್ನು ಬಳಸಬಹುದು. ಹೀಗಾಗಿ ಮೂರು ನಾಲ್ಕು ಸಾಲಿನ ಹಳೆಯ ಕೋರ್‌ನ ಕೆಲಸವನ್ನು ಎರಡು ಸಾಲು ಮಾಡುತ್ತವೆ. ಗಾಳಿಯೂ ಸರಾಗವಾಗಿ ನುಗ್ಗುತ್ತದೆ. ಅಲ್ಯೂಮಿನಿಯಂ ಸಾಂದ್ರತೆ ತಾಮ್ರದ ಮೂರನೇ ಒಂದರಷ್ಟಿರುವುದರಿಂದ ತೂಕವೂ ಇಳಿಯುತ್ತದೆ. ಇಂದಿನ ಕಾರುಗಳಲ್ಲಿ ಅಲ್ಯೂಮಿನಿಯಂ ಕೋರ್‌ಗೆ ಪ್ಲಾಸ್ಟಿಕ್ ಟ್ಯಾಂಕ್ ಜೋಡಿಸುವುದು ಸಾಮಾನ್ಯ. ಪೂರ್ಣ ಅಲ್ಯೂಮಿನಿಯಂ ಮಾದರಿಯಲ್ಲಿ ಟ್ಯಾಂಕ್ ಕೂಡ ಅದೇ ಲೋಹದ್ದಾಗಿರುವುದರಿಂದ, ಪ್ಲಾಸ್ಟಿಕ್ ಬಿರುಕು ಬಿಡುವ ಚಿಂತೆ ಇಲ್ಲ.

ಶತ್ರು ಇರುವುದು ನೀರಿನಲ್ಲಿ

ಅಲ್ಯೂಮಿನಿಯಂ ಮೇಲೆ ಸಹಜವಾಗಿ ಮೂಡುವ ತೆಳುವಾದ ಆಕ್ಸೈಡ್ ಪದರವೇ ಅದಕ್ಕೆ ರಕ್ಷಾಕವಚ. ಈ ಕವಚವನ್ನು ಭೇದಿಸುವುದರಲ್ಲಿ ಕ್ಲೋರೈಡ್ ಅಂಶ ಪಳಗಿದ ಕೈ. ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸುಣ್ಣದಂಶದ ಜೊತೆಗೆ ಕ್ಲೋರೈಡ್ ಲವಣಗಳೂ ಇರುತ್ತವೆ. ಹೊಳೆಯ ನೀರು ಕುಡಿಯಲು ಸಿಹಿಯಾದರೂ ಶುದ್ಧೀಕರಣದ ವೇಳೆ ಅದಕ್ಕೆ ಕ್ಲೋರಿನ್ ಬೆರೆತಿರುತ್ತದೆ. ಆದ್ದರಿಂದ ಬೋರ್ ನೀರೂ ಸಲ್ಲ, ನಲ್ಲಿ ನೀರೂ ಸಲ್ಲ. ಸೂಜಿಮೊನೆಯಷ್ಟು ಸಣ್ಣ ರಂಧ್ರ ಬಿದ್ದ ಬಳಿಕವೇ ಮಾಲೀಕರಿಗೆ ಇದರ ಅರಿವಾಗುತ್ತದೆ.

ಇದಕ್ಕೆ ಮದ್ದು ಡಿಸ್ಟಿಲ್ಡ್ ವಾಟರ್ ಮತ್ತು ತುಕ್ಕುನಿರೋಧಕವುಳ್ಳ ಕೂಲಂಟ್. ನೇರವಾಗಿ ಸುರಿಯಬಹುದಾದ ಮಿಶ್ರಣವೂ ಸಿಗುತ್ತದೆ. ಗಟ್ಟಿ ಕೂಲಂಟ್ ಆದರೆ ಡಬ್ಬಿಯ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಬೆರೆಸಬೇಕು. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ ಏಕೆ ಎಂಬ ಪ್ರಶ್ನೆ ಸಹಜ. ಕೂಲಂಟ್‌ನ ಮುಖ್ಯ ಉಪಯೋಗ ಇಲ್ಲಿ ಲೋಹದ ರಕ್ಷಣೆ. ಎರಕದ ಕಬ್ಬಿಣದ ಎಂಜಿನ್, ಹಿತ್ತಾಳೆಯ ಬಿಡಿಭಾಗ, ಅಲ್ಯೂಮಿನಿಯಂ ರೇಡಿಯೇಟರ್ ಮೂರೂ ಒಂದೇ ನೀರಿನಲ್ಲಿ ನೆನೆದಾಗ ಬ್ಯಾಟರಿಯಂತೆ ವರ್ತಿಸುತ್ತವೆ. ಸವೆಯುವುದು ಅಲ್ಯೂಮಿನಿಯಂ. ಕೂಲಂಟ್‌ನ ರಕ್ಷಕ ಗುಣವೂ ಕಾಲಕ್ರಮೇಣ ಕುಂದುವುದರಿಂದ ಅವಧಿ ಮುಗಿದೊಡನೆ ಬದಲಿಸುವುದು ಕಡ್ಡಾಯ.

ಇನ್ನೆರಡು ರೂಢಿಗಳನ್ನೂ ಕೈಬಿಡಬೇಕಾಗುತ್ತದೆ. ಸುಣ್ಣ ಕಳೆಯಲು ಕಾಸ್ಟಿಕ್ ಸೋಡಾ, ಬಟ್ಟೆ ಸೋಡಾ ಹಾಕಿದರೆ ಅಲ್ಯೂಮಿನಿಯಂ ಕರಗುತ್ತದೆ. ಸೋರಿಕೆಗೆ ಅರಿಶಿನ ಪುಡಿ ಸುರಿದರೆ ಕೊಳವೆಗಳು ಕಟ್ಟಿಕೊಳ್ಳುತ್ತವೆ.

ಅರ್ಥ್ ಸರಿಯಿದೆಯೇ?

ಹಳೆಯ ವಾಹನಗಳಲ್ಲಿ ಬ್ಯಾಟರಿಯಿಂದ ಎಂಜಿನ್‌ಗೆ ಹಾಗೂ ಬಾಡಿಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿರುವುದು ಸಾಮಾನ್ಯ. ಆಗ ವಿದ್ಯುತ್ ಕೂಲಂಟ್ ಮೂಲಕವೇ ದಾರಿ ಹುಡುಕುತ್ತದೆ. ಹೊಸ ರೇಡಿಯೇಟರ್ ಕೆಲವೇ ತಿಂಗಳಲ್ಲಿ ತೂತಾಗಬಹುದು. ಪರೀಕ್ಷೆ ಸುಲಭ. ಮಲ್ಟಿಮೀಟರ್‌ನ ಕಪ್ಪು ತಂತಿಯನ್ನು ಬ್ಯಾಟರಿಯ ಋಣ ತುದಿಗೆ ಇರಿಸಿ, ಕೆಂಪು ತಂತಿಯ ಮೊನೆಯನ್ನು ಲೋಹಕ್ಕೆ ತಾಗದಂತೆ ಕೂಲಂಟ್‌ನಲ್ಲಿ ಅದ್ದಬೇಕು. ದೀಪ, ಫ್ಯಾನ್ ಎಲ್ಲವನ್ನೂ ಹಾಕಿದಾಗಲೂ ಮೀಟರ್ 0.1 ವೋಲ್ಟ್ ಒಳಗಿದ್ದರೆ ಒಳಿತು. 0.3 ವೋಲ್ಟ್ ತಲುಪಿದರೆ ಅಪಾಯದ ಸೂಚನೆ. ಈ ಪರೀಕ್ಷೆಯನ್ನು ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಆರಂಭಿಸಬೇಕು. ಬಿಸಿ ಎಂಜಿನ್‌ನ ಮುಚ್ಚಳ ತೆರೆದು ಮುಖ, ಕೈ ಸುಟ್ಟುಕೊಳ್ಳುವ ಸಾಹಸ ಬೇಡ. ಹಾರ್ನ್, ಫ್ಯಾನ್ ಯಾವುದಕ್ಕೂ ರೇಡಿಯೇಟರ್‌ನಿಂದ ಅರ್ಥ್ ಪಡೆಯಬಾರದು.

ಜೋಡಣೆಯ ಸೂಕ್ಷ್ಮ

ಕೊಳ್ಳುವ ಮುನ್ನ ಕೋರ್‌ನ ಎತ್ತರ, ಅಗಲ, ದಪ್ಪ, ಹೋಸ್‌ ಬಾಯಿಯ ವ್ಯಾಸ, ಫ್ಯಾನ್‌ಗೂ ಕೋರ್‌ಗೂ ಇರುವ ಅಂತರ ಅಳೆಯಬೇಕು. ಅಳತೆ ಹೊಂದದಿದ್ದಲ್ಲಿ ಹೊಸ ಬ್ರಾಕೆಟ್ ಬೇಕಾಗುತ್ತದೆ. 1941ರಲ್ಲಿ ಸ್ಥಾಪನೆಯಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ್ದರೂ, ಯಂತ್ರ ಕೆಲಸದ ಪರಿಚಯ ಹರಿಹರಕ್ಕೆ ಹೊಸತಲ್ಲ. ಬ್ರಾಕೆಟ್‌ನಲ್ಲಿ ರಬ್ಬರ್ ಬುಷ್ ಇರಲೇಬೇಕು. ಜೀಪಿನಂತಹ ವಾಹನದ ಚಾಸಿ ಹೊಲದ ದಾರಿಯಲ್ಲಿ ತಿರುಚಿಕೊಂಡಾಗ ಬಿಗಿಯಾಗಿ ಬೋಲ್ಟ್ ಮಾಡಿದ ರೇಡಿಯೇಟರ್‌ನ ವೆಲ್ಡಿಂಗ್ ಬಿರಿಯುತ್ತದೆ.

ಮುಚ್ಚಳದ ಒತ್ತಡವೂ ಮುಖ್ಯ. ಪ್ರತಿ 1 ಪಿಎಸ್‌ಐ ಒತ್ತಡಕ್ಕೆ ನೀರಿನ ಕುದಿಬಿಂದು ಸುಮಾರು 1.6 ಡಿಗ್ರಿ ಏರುತ್ತದೆ. ಹಾಗೆಂದು ಹೊಸ ರೇಡಿಯೇಟರ್ ಜೊತೆ ಬಂದ ಹೆಚ್ಚು ಒತ್ತಡದ ಮುಚ್ಚಳವನ್ನೇ ಹಾಕಿದರೆ ಹಳೆಯ ಹೋಸ್, ವಾಟರ್ ಪಂಪ್ ಸೀಲ್ ತಾಳಲಾರವು. ವಾಹನಕ್ಕೆ ನಿಗದಿಯಾದ ಒತ್ತಡದ ಮುಚ್ಚಳವೇ ಕ್ಷೇಮ. ಎಂಜಿನ್ ಬ್ಲಾಕ್‌ನ ಒಳಗಿನ ತುಕ್ಕನ್ನು ಮೊದಲೇ ತೊಳೆದು ತೆಗೆಯದಿದ್ದರೆ ಅದೆಲ್ಲ ಹೊಸ ಕೊಳವೆಗಳಲ್ಲಿ ಬಂದು ಕೂರುತ್ತದೆ. ಹೊರಬಿದ್ದ ಹಳೆಯ ಕೂಲಂಟ್ ವಿಷಕಾರಿ. ರುಚಿ ಸಿಹಿಯಾದ್ದರಿಂದ ನಾಯಿ, ದನಗಳು ನೆಕ್ಕುವ ಅಪಾಯವಿದೆ. ಅದನ್ನು ಚರಂಡಿಗೆ ಬಿಡಬಾರದು.

ಯಾರಿಗೆ ಯಾವುದು?

ಎಂಜಿನ್ ಬಿಸಿಯಾಗಲು ರೇಡಿಯೇಟರ್ ಒಂದೇ ಕಾರಣವಲ್ಲ. ತೆರೆಯದ ಥರ್ಮೋಸ್ಟಾಟ್, ಸಡಿಲ ಫ್ಯಾನ್ ಬೆಲ್ಟ್, ಸವೆದ ವಾಟರ್ ಪಂಪ್, ತಪ್ಪಿದ ಇಗ್ನಿಷನ್ ಟೈಮಿಂಗ್ ಇವನ್ನು ಮೊದಲು ನೋಡಬೇಕು. ಎಂಜಿನ್ ಚಾಲೂ ಮಾಡಿದೊಡನೆ ರೇಡಿಯೇಟರ್ ಬಾಯಲ್ಲಿ ನಿರಂತರ ಗುಳ್ಳೆ ಬಂದರೆ ದೋಷ ಹೆಡ್ ಗ್ಯಾಸ್ಕೆಟ್‌ನದ್ದಿರಬಹುದು.

ಇವೆಲ್ಲ ಸರಿಯಿದ್ದು ಕೋರ್ ಮಾತ್ರ ಹಾಳಾಗಿದ್ದರೆ ಆಯ್ಕೆ ಎರಡು. ಹಿತ್ತಾಳೆ ಟ್ಯಾಂಕ್ ಉಳಿಸಿಕೊಂಡು ತಾಮ್ರದ ಹೊಸ ಕೋರ್ ಹಾಕಿಸುವುದು ಒಂದು. ಹಳ್ಳಿ ದಾರಿಯಲ್ಲಿ ದುಡಿಯುವ, ಸಿಕ್ಕ ನೀರು ತುಂಬಿಸಲೇಬೇಕಾದ ಬಾಡಿಗೆ ವಾಹನಕ್ಕೆ ಇದೇ ಸೂಕ್ತ. ತಾಮ್ರದ ಸೋರಿಕೆಯನ್ನು ಸಣ್ಣ ಊರಿನ ಬೆಸುಗೆಯವರೂ ಮುಚ್ಚಬಲ್ಲರು. ಅಲ್ಯೂಮಿನಿಯಂ ರಿಪೇರಿಗೆ ಆರ್ಗಾನ್ ಅನಿಲದ ಟಿಗ್ ವೆಲ್ಡಿಂಗ್ ಮತ್ತು ನುರಿತ ಕೈ ಬೇಕು. ಕೂಲಂಟ್ ಡಬ್ಬಿಯನ್ನು ಸದಾ ವಾಹನದಲ್ಲೇ ಇರಿಸಿಕೊಂಡು, ಅವಧಿಗೆ ಸರಿಯಾಗಿ ಬದಲಿಸುವ ಶಿಸ್ತು ಇರುವವರಿಗೆ ಅಲ್ಯೂಮಿನಿಯಂ ಲಾಭದಾಯಕ. ಯಾವುದೇ ಆಯ್ಕೆಯಾದರೂ, ಕಳಚಿದ ಹಳೆಯ ರೇಡಿಯೇಟರ್‌ನ ತಾಮ್ರ, ಹಿತ್ತಾಳೆಗೆ ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ ಎಂಬುದನ್ನು ಮಾಲೀಕರು ಮರೆಯದೆ, ಅದನ್ನು ಕೂಲಿಯ ಲೆಕ್ಕದಲ್ಲಿ ಕಳೆದುಕೊಳ್ಳುವುದು ಲೇಸು.