ಇನ್ಸುಲಿನ್ ಸದೃಶ ಪೆಪ್ಟೈಡ್-೩

ಇನ್ಸುಲಿನ್ ಸದೃಶ ಪೆಪ್ಟೈಡ್-೩ ಎಂಬುದು ಮುಖ್ಯವಾಗಿ ವೃಷಣಗಳಲ್ಲಿ ಉತ್ಪತ್ತಿಯಾಗುವ ಒಂದು ಪೆಪ್ಟೈಡ್ ಹಾರ್ಮೋನು. ಗರ್ಭದಲ್ಲಿರುವ ಗಂಡುಶಿಶುವಿನ ವೃಷಣಗಳು ಉದರದಿಂದ ಕೆಳಗಿಳಿಯಲು ಇದು ಅವಶ್ಯಕ. ಸ್ತ್ರೀಯರ ಅಂಡಾಶಯದಲ್ಲಿಯೂ ಇದು ಅಲ್ಪ ಪ್ರಮಾಣದಲ್ಲಿ ತಯಾರಾಗುತ್ತದೆ.

ಉತ್ಪತ್ತಿ ಮತ್ತು ರಚನೆ

ವೃಷಣದೊಳಗಿನ ವೀರ್ಯೋತ್ಪಾದಕ ನಾಳಗಳ ನಡುವೆ ಲೇಡಿಗ್ ಜೀವಕೋಶಗಳಿವೆ. ಜರ್ಮನಿಯ ಫ್ರಾನ್ಜ್ ಲೇಡಿಗ್ ೧೮೫೦ರಲ್ಲಿ ಇವುಗಳನ್ನು ವರ್ಣಿಸಿದನು. ಟೆಸ್ಟೋಸ್ಟಿರಾನ್ ಮತ್ತು ಈ ಪೆಪ್ಟೈಡ್ ಎರಡೂ ಇದೇ ಕೋಶಗಳಲ್ಲಿ ತಯಾರಾಗುತ್ತವೆ. ಟೆಸ್ಟೋಸ್ಟಿರಾನ್ ಕೊಲೆಸ್ಟ್ರಾಲ್‌ನಿಂದ ರೂಪುಗೊಳ್ಳುವ ಸ್ಟೀರಾಯ್ಡ್. ಪೆಪ್ಟೈಡ್ ಅಮೈನೋ ಆಮ್ಲಗಳ ಸರಪಳಿ. ಮಾನವನಲ್ಲಿ ಇದರ ವಂಶವಾಹಿ ೧೯ನೆಯ ವರ್ಣತಂತುವಿನಲ್ಲಿದೆ. ಪಕ್ವಗೊಂಡ ಅಣುವಿನಲ್ಲಿ ಎ ಮತ್ತು ಬಿ ಎಂಬ ಎರಡು ಸರಪಳಿಗಳಿದ್ದು, ಅವು ಇನ್ಸುಲಿನ್ನಿನಂತೆಯೇ ಗಂಧಕದ ಬಂಧಗಳಿಂದ ಜೋಡಿಸಲ್ಪಟ್ಟಿವೆ. ರಚನೆ ಹೋಲುವುದಾದರೂ ರಕ್ತದ ಸಕ್ಕರೆಯ ನಿಯಂತ್ರಣ ಇದರ ಕೆಲಸವಲ್ಲ.

ಸಂಕೇತ ರವಾನೆ

ಪೆಪ್ಟೈಡ್ ಹಾರ್ಮೋನುಗಳು ಸಾಮಾನ್ಯವಾಗಿ ಜೀವಕೋಶದ ಪೊರೆಯನ್ನು ದಾಟಿ ಒಳಹೋಗಲಾರವು. ಆದ್ದರಿಂದ ಅವು ಪೊರೆಯ ಮೇಲಿನ ಗ್ರಾಹಕಗಳಿಗೆ ಅಂಟಿಕೊಂಡು ಸಂಕೇತ ನೀಡುತ್ತವೆ. ಈ ಪೆಪ್ಟೈಡಿನ ಗ್ರಾಹಕವನ್ನು ಆರ್‌ಎಕ್ಸ್‌ಎಫ್‌ಪಿ-೨ ಎಂದು ಕರೆಯುತ್ತಾರೆ. ಹಾರ್ಮೋನು ಅದಕ್ಕೆ ಅಂಟಿದಾಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕದ ಪ್ರಮಾಣ ಹೆಚ್ಚಿ, ಮುಂದಿನ ಕ್ರಿಯೆಗಳು ಆರಂಭವಾಗುತ್ತವೆ.

ವೃಷಣಗಳ ಇಳಿಕೆ

ಭ್ರೂಣದಲ್ಲಿ ವೃಷಣಗಳು ಮೂತ್ರಪಿಂಡಗಳ ಬಳಿ ರೂಪುಗೊಂಡು ಎರಡು ಹಂತಗಳಲ್ಲಿ ಕೆಳಗಿಳಿಯುತ್ತವೆ. ಪ್ರತಿಯೊಂದು ವೃಷಣದ ಕೆಳತುದಿಗೂ ಗುಬರ್ನ್ಯಾಕುಲಮ್ ಎಂಬ ಅಂಗಾಂಶದ ಪಟ್ಟಿಯೊಂದು ಅಂಟಿಕೊಂಡಿರುತ್ತದೆ. ಮೊದಲ ಹಂತದಲ್ಲಿ ಈ ಪೆಪ್ಟೈಡಿನ ಪ್ರಭಾವದಿಂದ ಆ ಪಟ್ಟಿಯ ಕೆಳಭಾಗವು ಉಬ್ಬಿ ದಪ್ಪವಾಗುತ್ತದೆ ಮತ್ತು ವೃಷಣವನ್ನು ತೊಡೆಸಂದಿಯ ಸಮೀಪದಲ್ಲಿ ಹಿಡಿದು ನಿಲ್ಲಿಸುತ್ತದೆ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ನಡೆಯುವ ಎರಡನೆಯ ಹಂತದಲ್ಲಿ ವೃಷಣವು ವೃಷಣಚೀಲವನ್ನು ತಲಪುತ್ತದೆ. ಈ ಹಂತದಲ್ಲಿ ಟೆಸ್ಟೋಸ್ಟಿರಾನಿನದೇ ಪ್ರಧಾನ ಪಾತ್ರ.

೧೯೯೯ರಲ್ಲಿ ಎರಡು ಸಂಶೋಧನಾ ತಂಡಗಳು ಈ ವಂಶವಾಹಿಯನ್ನು ನಿಷ್ಕ್ರಿಯಗೊಳಿಸಿದ ಇಲಿಗಳನ್ನು ಪರೀಕ್ಷಿಸಿದಾಗ, ಅವುಗಳ ಎರಡೂ ವೃಷಣಗಳು ಉದರದಲ್ಲಿಯೇ ಉಳಿದಿದ್ದವು. ಇದಕ್ಕೆ ವಿರುದ್ಧವಾಗಿ, ಹಾರ್ಮೋನು ಅಧಿಕವಾಗಿ ತಯಾರಾಗುವಂತೆ ಮಾಡಿದ ಹೆಣ್ಣಿಲಿಗಳಲ್ಲಿ ಅಂಡಾಶಯಗಳೇ ಕೆಳಗಿಳಿದವು. ಆಫ್ರಿಕಾ ಮೂಲದ ಟೆನ್ರೆಕ್ ಮೊದಲಾದ ಕೆಲವು ಸಸ್ತನಿಗಳ ವೃಷಣಗಳು ಜೀವನಪರ್ಯಂತ ಉದರದಲ್ಲಿಯೇ ಇರುತ್ತವೆ. ಅವುಗಳಲ್ಲಿ ಈ ಹಾರ್ಮೋನಿನ ಅಥವಾ ಅದರ ಗ್ರಾಹಕದ ವಂಶವಾಹಿಯು ಕೆಟ್ಟುಹೋದ ಅವಶೇಷವಾಗಿ ಮಾತ್ರ ಉಳಿದಿರುವುದು ೨೦೧೮ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ.

ಇಳಿಯದ ವೃಷಣ

ವೀರ್ಯಾಣುಗಳ ಉತ್ಪಾದನೆಗೆ ದೇಹದ ಉಷ್ಣತೆಗಿಂತ ಕೆಲವು ಡಿಗ್ರಿ ತಂಪಾದ ಸ್ಥಳ ಬೇಕು. ಪೂರ್ಣಾವಧಿಯಲ್ಲಿ ಜನಿಸಿದ ಗಂಡುಶಿಶುಗಳಲ್ಲಿ ಶೇಕಡಾ ೨ರಿಂದ ೪ರಷ್ಟು ಮಕ್ಕಳಿಗೆ ಒಂದು ಅಥವಾ ಎರಡೂ ವೃಷಣಗಳು ಇಳಿದಿರುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದವರಲ್ಲಿ ಈ ಪ್ರಮಾಣ ಹೆಚ್ಚು. ಅನೇಕರಲ್ಲಿ ಮೊದಲ ಕೆಲವು ತಿಂಗಳುಗಳಲ್ಲಿ ಅವು ತಾವಾಗಿಯೇ ಇಳಿಯುತ್ತವೆ. ಆರು ತಿಂಗಳ ನಂತರ ಹಾಗಾಗುವ ಸಂಭವ ಕಡಿಮೆ. ಆದಕಾರಣ ಸಾಮಾನ್ಯವಾಗಿ ೬ರಿಂದ ೧೮ ತಿಂಗಳ ವಯಸ್ಸಿನೊಳಗೆ ಶಸ್ತ್ರಚಿಕಿತ್ಸೆಯಿಂದ ವೃಷಣವನ್ನು ಚೀಲದಲ್ಲಿ ನೆಲೆಗೊಳಿಸಲಾಗುತ್ತದೆ. ಹಾಗೆಯೇ ಬಿಟ್ಟಲ್ಲಿ ಮುಂದೆ ಸಂತಾನಹೀನತೆ ಮತ್ತು ವೃಷಣದ ಕ್ಯಾನ್ಸರ್ ಉಂಟಾಗುವ ಅಪಾಯ ಹೆಚ್ಚುತ್ತದೆ. ನೋವಿಲ್ಲದ ಕಾರಣ ಈ ದೋಷವು ಗಮನಕ್ಕೆ ಬಾರದೆ ಹೋಗಬಹುದು; ಆದ್ದರಿಂದ ನವಜಾತ ಶಿಶುವಿನ ಪರೀಕ್ಷೆ ಮಹತ್ವದ್ದು.

ಈ ಪೆಪ್ಟೈಡಿನ ಅಥವಾ ಅದರ ಗ್ರಾಹಕದ ವಂಶವಾಹಿಯ ಉತ್ಪರಿವರ್ತನೆಗಳು ಇಂತಹ ಮಕ್ಕಳಲ್ಲಿ ಕೆಲವರಲ್ಲಿ ಮಾತ್ರ ಕಂಡುಬಂದಿವೆ. ಉಳಿದವರಲ್ಲಿ ಹಲವು ಕಾರಣಗಳು ಸೇರಿರುತ್ತವೆ. ಗರ್ಭಿಣಿ ಇಲಿಗಳಿಗೆ ಈಸ್ಟ್ರೋಜನ್ ಗುಣದ ರಾಸಾಯನಿಕಗಳನ್ನು ನೀಡಿದಾಗ ಭ್ರೂಣದಲ್ಲಿ ಈ ಹಾರ್ಮೋನಿನ ಉತ್ಪತ್ತಿ ಕುಗ್ಗಿದುದು ಪ್ರಯೋಗಗಳಲ್ಲಿ ದೃಢಪಟ್ಟಿದೆ.

ವಯಸ್ಕರಲ್ಲಿ

ಟೆಸ್ಟೋಸ್ಟಿರಾನಿನ ಮಟ್ಟವು ದಿನದಲ್ಲಿ ಏರಿಳಿಯುತ್ತದೆ. ಈ ಪೆಪ್ಟೈಡಿನ ಮಟ್ಟವು ಬಹುಮಟ್ಟಿಗೆ ಸ್ಥಿರ. ಅದು ಲೇಡಿಗ್ ಕೋಶಗಳ ಸಂಖ್ಯೆಯನ್ನೂ ಪಕ್ವತೆಯನ್ನೂ ಅವಲಂಬಿಸಿದೆ. ಹೀಗಾಗಿ ಆ ಕೋಶಗಳ ಸ್ಥಿತಿಯನ್ನು ತಿಳಿಯಲು ಇದು ಉತ್ತಮ ಸೂಚಕವೆಂದು ಪರಿಗಣಿಸಲಾಗಿದೆ. ಪ್ರೌಢಾವಸ್ಥೆಯಲ್ಲಿ ಏರುವ ಇದರ ಮಟ್ಟವು ವಯಸ್ಸಾದಂತೆ ಕ್ರಮೇಣ ಇಳಿಯುತ್ತದೆ. ಮೂಳೆ ಕಟ್ಟುವ ಜೀವಕೋಶಗಳಲ್ಲಿಯೂ ಇದರ ಗ್ರಾಹಕಗಳು ಇರುವುದರಿಂದ, ಮೂಳೆಗಳ ಸಾಂದ್ರತೆಗೂ ಇದಕ್ಕೂ ಇರುವ ಸಂಬಂಧದ ಬಗ್ಗೆ ಸಂಶೋಧನೆಗಳು ನಡೆದಿವೆ.